ಅಲ್ಟ್ರಾ ವೈಡ್ ಲೆನ್ಸ್ ಬದಲಿಸುವ ಮುನ್ನ: ಉಡುಪಿಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಮಲ್ಪೆಯ ಸಮೀಪ ವಾಸವಾಗಿರುವ ಬ್ಯಾಂಕ್ ಉದ್ಯೋಗಿ. ಬಿಡುವಿನ ವೇಳೆಯಲ್ಲಿ ಫೋಟೋಗ್ರಫಿ ಮಾಡುತ್ತೇನೆ. ನನ್ನಲ್ಲಿ ನಿಕಾನ್ ಡಿ7200 ಕ್ಯಾಮೆರಾ ಮತ್ತು ಆರು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಟೋಕಿನಾ 11-16 ಮಿ.ಮೀ. ಎಫ್/2.8 ಲೆನ್ಸ್‌ನ ಮೊದಲ ಆವೃತ್ತಿ ಇದೆ. ಹಳೆಯ ಗುತ್ತುಮನೆ ಮತ್ತು ಹೋಮ್‌ಸ್ಟೇಗಳ ಒಳಾಂಗಣ, ರಾತ್ರಿಯ ನೇಮ ಮತ್ತು ರಥಬೀದಿಯ ಉತ್ಸವ, ಸಮುದ್ರತೀರ, ಈ ಮೂರಕ್ಕೂ ಇದೊಂದನ್ನೇ ಬಳಸುತ್ತೇನೆ. ಇತ್ತೀಚೆಗೆ ಚಿತ್ರದ ಎಡಬದಿ ಮಸುಕಾಗಿ ಕಾಣುತ್ತಿದೆ. ಕಿಟಕಿಯ ಸರಳುಗಳ ಅಂಚಿಗೆ ನೇರಳೆ ಮತ್ತು ಹಸಿರು ಗೆರೆ ಬರುತ್ತದೆ. ದೀಪಗಳಿದ್ದರೆ ಚಿತ್ರದ ಇನ್ನೊಂದು ಬದಿಯಲ್ಲಿ ಅವುಗಳ ನೆರಳಿನಂಥ ಚುಕ್ಕೆಗಳು ಮೂಡುತ್ತವೆ. ಗುಂಪು ಚಿತ್ರದ ಅಂಚಿನಲ್ಲಿ ನಿಂತವರ ಮುಖ ಅಗಲವಾಗುತ್ತದೆ. ಕಡಲ ಅಂಚು ಬಾಗುತ್ತದೆ. ಟಾರ್ಚ್ ಹಾಕಿ ನೋಡಿದಾಗ ಲೆನ್ಸ್ ಒಳಗೆ ಜೇಡರ ಬಲೆಯ ಎಳೆಯಂಥದ್ದೂ ಕಂಡಿತು. ನಿಕಾನ್ 10-20 ಮಿ.ಮೀ. ಹಗುರ, ಅದನ್ನೇ ಕೊಳ್ಳಿ ಎಂದು ಒಬ್ಬ ಗೆಳೆಯರು ಹೇಳುತ್ತಾರೆ. ಎಲ್ಲವನ್ನೂ ಮಾರಿ ಫುಲ್ ಫ್ರೇಮ್ ಕ್ಯಾಮೆರಾ ಮತ್ತು 16-35 ಮಿ.ಮೀ. ಎಫ್/4 ಲೆನ್ಸ್ ತೆಗೆದುಕೊಳ್ಳದೆ ಈ ತೊಂದರೆ ತೀರುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿರುವ ದೂರುಗಳೆಲ್ಲ ಒಂದೇ ಲೆನ್ಸ್‌ನಿಂದ ಹೊರಟಿವೆ, ಆದ್ದರಿಂದ ಲೆನ್ಸ್ ಹೋದರೆ ಅವೂ ಹೋಗುತ್ತವೆ ಎಂದು ನಿಮಗೆ ಅನ್ನಿಸಿರುವುದು ಸಹಜ. ಮಂಗಳೂರಿನಲ್ಲಿ ಕಟ್ಟಡ ಮತ್ತು ಒಳಾಂಗಣಗಳ ಫೋಟೋ ತೆಗೆಯುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಅನುಭವದಲ್ಲಿ, ಅಲ್ಟ್ರಾ ವೈಡ್, ಅಂದರೆ ಬಹಳ ಅಗಲದ ನೋಟವನ್ನು ಹಿಡಿಯುವ ಲೆನ್ಸ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಲೆನ್ಸ್‌ನ ದೋಷವೇ ಆಗಿರುವುದಿಲ್ಲ. ನೀವು ಬರೆದಿರುವವುಗಳಲ್ಲಿ ಅಗಲವಾಗುವ ಮುಖ ರೇಖಾಗಣಿತದ ಪರಿಣಾಮ. ಅದು ಹೊಸ ಲೆನ್ಸ್‌ನಲ್ಲೂ ಬರುತ್ತದೆ. ಬಾಗುವ ಕಡಲಂಚು ಮತ್ತು ಬಣ್ಣದ ಗೆರೆ ಕಂಪ್ಯೂಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತವೆ. ದೀಪದ ಚುಕ್ಕೆಗಳಿಗೆ ಲೆನ್ಸ್‌ಗಿಂತ ಅದರ ಮುಂದಿನ ಫಿಲ್ಟರ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಎಡಬದಿಯ ಮಸುಕು ಮಾತ್ರ ನಿಮ್ಮ ಕೈಯಲ್ಲಿರುವ ಆ ಒಂದು ಪ್ರತಿಯ ದೋಷವಾಗಿರಬಹುದು, ಅದನ್ನು ಪರೀಕ್ಷಿಸದೆ ನಿರ್ಧಾರಕ್ಕೆ ಬರಬಾರದು.

ಮೊದಲು ಮುಖಗಳ ವಿಚಾರ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವಂತೆ ರೂಪಿಸಿದ ಯಾವ ಅಲ್ಟ್ರಾ ವೈಡ್ ಲೆನ್ಸ್ ಆದರೂ ಚೌಕಟ್ಟಿನ ಅಂಚಿಗೆ ಬಂದ ದುಂಡಗಿನ ವಸ್ತುವನ್ನು ಹೊರಕ್ಕೆ ಎಳೆದು ಹಿಗ್ಗಿಸುತ್ತದೆ. ಲೆನ್ಸ್‌ನ ಫೋಕಲ್ ಲೆಂತ್, ಅಂದರೆ ಅದರ ಮಿ.ಮೀ. ಸಂಖ್ಯೆ, ಕಡಿಮೆಯಾದಷ್ಟೂ ನೋಟ ಅಗಲ. ನಿಮ್ಮ ಕ್ಯಾಮೆರಾ 11 ಮಿ.ಮೀ.ನಲ್ಲಿ ಅಡ್ಡಕ್ಕೆ ಸುಮಾರು 94 ಡಿಗ್ರಿ ನೋಡುತ್ತದೆ. ಅಷ್ಟು ಅಗಲದ ನೋಟವನ್ನು ಚಪ್ಪಟೆಯಾದ ಸೆನ್ಸರ್ ಮೇಲೆ ಹರಡುವಾಗ ಎಡ ಅಥವಾ ಬಲ ಅಂಚಿನಲ್ಲಿರುವ ತಲೆ ತನ್ನ ಎತ್ತರಕ್ಕೆ ಹೋಲಿಸಿದರೆ ಸುಮಾರು ಒಂದೂವರೆ ಪಟ್ಟು ಅಗಲವಾಗಿ ಬೀಳುತ್ತದೆ. ಅದೇ ಲೆನ್ಸನ್ನು 16 ಮಿ.ಮೀ.ಗೆ ತಿರುಗಿಸಿದರೆ ಈ ಹಿಗ್ಗುವಿಕೆ ಸುಮಾರು ಒಂದೂಕಾಲು ಪಟ್ಟಿಗೆ ಇಳಿಯುತ್ತದೆ, 10 ಮಿ.ಮೀ.ನ ಲೆನ್ಸ್ ಕೊಂಡರೆ ಇನ್ನೂ ತುಸು ಹೆಚ್ಚುತ್ತದೆ. ಇದನ್ನು ಕಣ್ಣಾರೆ ಕಾಣಲು ಮನುಷ್ಯರೇ ಬೇಕೆಂದಿಲ್ಲ. 1430ರಲ್ಲಿ ಕಟ್ಟಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ಕಡೆ ಕಂಬಗಳ ಒಂದು ಸಾಲನ್ನು ಎದುರಿನಿಂದ ತೆಗೆದು ನೋಡಿ. ನಡುವಿನ ಕಂಬ ಸಪೂರವಾಗಿಯೂ ಚೌಕಟ್ಟಿನ ಅಂಚಿಗೆ ಬಂದ ಕಂಬ ದಪ್ಪವಾಗಿಯೂ ಕಾಣುತ್ತವೆ, ಆದರೆ ಅವುಗಳ ಹಿಂದಿನ ಚಪ್ಪಟೆ ಗೋಡೆ ಎಲ್ಲೂ ಹಿಗ್ಗಿರುವುದಿಲ್ಲ. ಗೋಡೆ ಸೆನ್ಸರ್‌ಗೆ ಸಮಾನಾಂತರವಾಗಿರುವುದೂ ಕಂಬ ದುಂಡಗಿರುವುದೂ ಈ ವ್ಯತ್ಯಾಸಕ್ಕೆ ಕಾರಣ. ಆದ್ದರಿಂದ ಗೃಹಪ್ರವೇಶದ ದಿನ ಚಾವಡಿಯಲ್ಲಿ ಮನೆಮಂದಿಯನ್ನೆಲ್ಲ ನಿಲ್ಲಿಸುವಾಗ ಅವರನ್ನು ಚೌಕಟ್ಟಿನ ನಡುವಿನ ಅರ್ಧಭಾಗದೊಳಗೇ ಇರಿಸಿಕೊಳ್ಳಿ. ಅಂಚಿಗೆ ಬಾಗಿಲು, ಗೋಡೆ, ತೊಲೆ ಬರಲಿ. ಹಿರಿಯರನ್ನು ಕೊನೆಯಲ್ಲಿ ನಿಲ್ಲಿಸಿ ಅವರ ಮುಖವನ್ನು ವಿಕಾರಗೊಳಿಸಿದ ಚಿತ್ರ ಮನೆಯ ಗೋಡೆಯ ಮೇಲೆ ಹತ್ತಾರು ವರ್ಷ ಉಳಿಯುತ್ತದೆ ಎಂಬುದು ತೆಗೆಯುವವರ ಮನಸ್ಸಿನಲ್ಲಿರಬೇಕು.

ಒಳಾಂಗಣದಲ್ಲಿ ಗೋಡೆಗಳು ಒಳಕ್ಕೆ ವಾಲಿದಂತೆ ಕಾಣುವುದೂ ಇದೇ ಜಾತಿಯ ತೊಂದರೆ. ಗುತ್ತುಮನೆಯ ಚಾವಡಿಯಲ್ಲಿ ಕೆತ್ತನೆಯ ಮುಚ್ಚಿಗೆ ಬರಲಿ ಎಂದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ ಕೂಡಲೇ ಕಂಬಗಳು ಒಂದಕ್ಕೊಂದು ಬಾಗುತ್ತವೆ. ನಿಮ್ಮ ಕ್ಯಾಮೆರಾದಲ್ಲಿಯೇ ಇರುವ ಮಟ್ಟದ ಸೂಚಕವನ್ನು ತೆರೆದು, ಟ್ರೈಪಾಡ್ ಮೇಲೆ ಎದೆಮಟ್ಟದಲ್ಲಿ ಕ್ಯಾಮೆರಾವನ್ನು ನೇರ ಇರಿಸಿ, ಅಗತ್ಯವಿದ್ದರೆ ಉದ್ದುದ್ದಕ್ಕೆ ತೆಗೆದು ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿ. ಹೋಮ್‌ಸ್ಟೇ ಮಾಲೀಕರು ಮೆಚ್ಚುವ ಚಿತ್ರಕ್ಕೆ ಲೆನ್ಸ್‌ನ ಬೆಲೆಗಿಂತ ಈ ಒಂದು ಅಭ್ಯಾಸ ಹೆಚ್ಚು ನೆರವಾಗುತ್ತದೆ.

ಕಡಲ ಅಂಚು ಬಾಗುವುದು ನಿಜಕ್ಕೂ ಲೆನ್ಸ್‌ನ ಗುಣ, ಆದರೆ ಅದನ್ನು ಚೌಕಟ್ಟಿನ ನಡುಮಟ್ಟದಲ್ಲಿ ಇರಿಸಿದರೆ ಬಾಗುವುದಿಲ್ಲ. ಮೇಲೆ ಅಥವಾ ಕೆಳಗೆ ಇರಿಸಲೇಬೇಕಾದಾಗ ಸಂಸ್ಕರಣಾ ತಂತ್ರಾಂಶದಲ್ಲಿ ಲೆನ್ಸ್ ಪ್ರೊಫೈಲ್ ಆರಿಸಿದರೆ ನೇರವಾಗುತ್ತದೆ. ಕಿಟಕಿಯ ಸರಳಿನ ಬಣ್ಣದ ಗೆರೆಯೂ ಈ ಟೋಕಿನಾದ ಪರಿಚಿತ ದೌರ್ಬಲ್ಯ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆಯುವವರಾದರೆ ಅದು ಒಂದು ಕ್ಲಿಕ್ಕಿನಲ್ಲಿ ಹೋಗುತ್ತದೆ. ಬೆಳಕಿನ ದ್ವಾರ (ಅಪರ್ಚರ್) ಪೂರ್ತಿ ತೆರೆದ ಎಫ್/2.8ರಲ್ಲಿ ಮಾತ್ರ ಕಾಣುವ ನೇರಳೆ ಮಬ್ಬು, ದ್ವಾರವನ್ನು ಎಫ್/5.6ಕ್ಕೆ ಕಿರಿದುಗೊಳಿಸಿದಾಗ ಬಹುಮಟ್ಟಿಗೆ ಮಾಯವಾಗುತ್ತದೆ. ಇವೆರಡಕ್ಕಾಗಿ ಲೆನ್ಸ್ ಬದಲಿಸುವ ಅಗತ್ಯವಿಲ್ಲ.

ದೀಪದ ಚುಕ್ಕೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ನೀವು ಲೆನ್ಸ್ ಮುಂದೆ ಯುವಿ ಫಿಲ್ಟರ್ ಹಾಕಿದ್ದೀರೋ ಇಲ್ಲವೋ ಬರೆದಿಲ್ಲ. ಕಡಲತೀರದವರಲ್ಲಿ ಹೆಚ್ಚಿನವರು ಉಪ್ಪಿನ ಸಿಡಿತಕ್ಕೆ ಹೆದರಿ ಹಾಕಿಯೇ ಇರುತ್ತಾರೆ, ಆ ಹೆದರಿಕೆ ಸರಿಯೂ ಹೌದು. ಆದರೆ ರಾತ್ರಿಯ ಹೊತ್ತು ತೀಕ್ಷ್ಣವಾದ ದೀಪದ ಬೆಳಕು ಸೆನ್ಸರ್‌ನಿಂದ ಹಿಂದಕ್ಕೆ ಪುಟಿದು, ಆ ಚಪ್ಪಟೆ ಗಾಜಿಗೆ ತಗಲಿ, ಮತ್ತೆ ಸೆನ್ಸರ್ ಮೇಲೆ ಬೀಳುತ್ತದೆ. ಹೀಗೆ ಬಿದ್ದ ಚುಕ್ಕೆಗೆ ಒಂದು ಗುರುತಿದೆ: ದೀಪ ಮೇಲಿನ ಬಲಮೂಲೆಯಲ್ಲಿದ್ದರೆ ಚುಕ್ಕೆ ಸರಿಯಾಗಿ ಕೇಂದ್ರದ ಆಚೆ ಬದಿಯ ಕೆಳಗಿನ ಎಡಮೂಲೆಯಲ್ಲಿ, ದೀಪದ ಆಕಾರದಲ್ಲಿಯೇ ತಲೆಕೆಳಗಾಗಿ ಇರುತ್ತದೆ. ರಥಬೀದಿಯ ದೀಪಾಲಂಕಾರದ ಸಾಲೇ ಚಿತ್ರದ ಕೆಳಭಾಗದಲ್ಲಿ ಮಂಕಾಗಿ ಇನ್ನೊಮ್ಮೆ ಮೂಡಿದ್ದರೆ ಅದು ಫಿಲ್ಟರ್‌ನ ಕೆಲಸವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಫಿಲ್ಟರ್ ತೆಗೆದು ಅದೇ ಜಾಗದಿಂದ ಇನ್ನೊಂದು ಚಿತ್ರ ತೆಗೆದರೆ ಉತ್ತರ ಸಿಗುತ್ತದೆ. ಫಿಲ್ಟರ್ ತೆಗೆದ ಮೇಲೂ ಉಳಿಯುವ ಬಹುಭುಜಾಕೃತಿಯ ಅಥವಾ ಬಣ್ಣಬಣ್ಣದ ಕಲೆಗಳು ಲೆನ್ಸ್‌ನವು. ಎದುರು ಬೆಳಕನ್ನು ತಡೆದುಕೊಳ್ಳುವುದರಲ್ಲಿ ಈ ಟೋಕಿನಾ ನಿಕಾನ್‌ಗಿಂತ ಹಿಂದೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ಸಮುದ್ರದಲ್ಲಿ ಫಿಲ್ಟರ್ ಹಾಕಿ, ರಾತ್ರಿ ಉತ್ಸವದಲ್ಲಿ ತೆಗೆದಿಡಿ. ಹಲವು ವರ್ಷಗಳ ಹಿಂದೆ ಇದೇ ಚುಕ್ಕೆಗಳಿಂದ ಬೇಸತ್ತು ನಾನೊಂದು ಒಳ್ಳೆಯ ಲೆನ್ಸನ್ನು ಮಾರಿದೆ. ಹೊಸದಕ್ಕೆ ಅದೇ ಫಿಲ್ಟರ್ ಹಾಕಿದಾಗ ಚುಕ್ಕೆಗಳು ಮತ್ತೆ ಬಂದವು. ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಆ ನಷ್ಟವೇ ಕಾರಣ.

ಈಗ ಎಡಬದಿಯ ಮಸುಕು. ಎರಡೂ ಅಂಚುಗಳು ಒಂದೇ ರೀತಿ ಮಸುಕಾಗಿದ್ದರೆ ಅದು ಲೆನ್ಸ್‌ನ ವಿನ್ಯಾಸದ ಮಿತಿ ಅಥವಾ ಫೋಕಸ್ ತಪ್ಪು ಎಂದುಕೊಳ್ಳಬಹುದು. ಒಂದೇ ಬದಿ ಮಸುಕಾದರೆ ಒಳಗಿನ ಯಾವುದೋ ಗಾಜು ತನ್ನ ಅಕ್ಷದಿಂದ ಸರಿದಿರುವ ಅಥವಾ ಓರೆಯಾಗಿರುವ ಸಾಧ್ಯತೆಯಿದೆ. ಈ ಲೆನ್ಸ್‌ನೊಳಗೆ 13 ಗಾಜುಗಳು 11 ಗುಂಪುಗಳಲ್ಲಿ ಕೂತಿವೆ. ಇಷ್ಟು ಕಡಿಮೆ ಫೋಕಲ್ ಲೆಂತ್‌ನಲ್ಲಿ ಅವುಗಳಲ್ಲೊಂದು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಬದಿ ಕೆಡುತ್ತದೆ. ಬೈಕಿನ ಬಾಕ್ಸಿನಲ್ಲಿ ಒಯ್ದ ಕುಲುಕು, ಒಮ್ಮೆ ಬಿದ್ದ ಪೆಟ್ಟು, ಸಡಿಲಗೊಂಡ ತಿರುಪು, ಹಿಂದಿನ ಮಾಲೀಕರು ಬಿಚ್ಚಿಸಿ ಕಟ್ಟಿಸಿದ ದುರಸ್ತಿ, ಯಾವುದೂ ಕಾರಣವಾಗಿರಬಹುದು.

ಪರೀಕ್ಷೆಗೆ ಮುರಕಲ್ಲಿನ ಗೋಡೆಯನ್ನು ಆರಿಸಿಕೊಳ್ಳುವವರೇ ಹೆಚ್ಚು. ಗೋಡೆಗೆ ಕ್ಯಾಮೆರಾ ಒಂದಿಷ್ಟು ಓರೆಯಾದರೂ ಫಲಿತಾಂಶ ತಪ್ಪುತ್ತದೆ, ಆದ್ದರಿಂದ ನಾನು ದೂರದ ಒಂದೇ ಗುರಿಯನ್ನು ಬಳಸುತ್ತೇನೆ. ನಿಮಗೆ ಕಾಪು ಹತ್ತಿರ. 1901ರ ಆ ದೀಪಸ್ತಂಭ ಬಂಡೆಯ ಮೇಲೆ ಒಂಟಿಯಾಗಿ ನಿಂತಿದೆ, ಅದರ ಮೇಲ್ಭಾಗದ ಕಟಕಟೆ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಬೆಳಗಿನ ಹೊತ್ತು, ಮರಳು ಕಾದು ಗಾಳಿ ನಡುಗುವ ಮೊದಲು, ಇನ್ನೂರು ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ. ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿ ಕಟಕಟೆಗೆ ಫೋಕಸ್ ಮಾಡಿ. ಆಮೇಲೆ ಟೋಕಿನಾದ ಫೋಕಸ್ ಬಳೆಯನ್ನು ಹಿಂದಕ್ಕೆಳೆದು ಮ್ಯಾನುಯಲ್‌ಗೆ ತನ್ನಿ, ಎಳೆಯುವಾಗ ಫೋಕಸ್ ಕದಲಲಿಲ್ಲವೆಂದು ಮತ್ತೊಮ್ಮೆ ನೋಡಿಕೊಳ್ಳಿ. ಕಟಕಟೆಯನ್ನು ಚೌಕಟ್ಟಿನ ಕೇಂದ್ರದಲ್ಲಿ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇರಿಸಿ ಐದು ಚಿತ್ರ ತೆಗೆಯಿರಿ. ಇದನ್ನು ಎಫ್/2.8, ಎಫ್/4 ಮತ್ತು ಎಫ್/8ರಲ್ಲಿ ಪುನರಾವರ್ತಿಸಿ. ಗುರಿ ಒಂದೇ, ದೂರವೂ ಒಂದೇ ಆಗಿರುವುದರಿಂದ ಮೂಲೆಗಳ ನಡುವೆ ಕಾಣುವ ವ್ಯತ್ಯಾಸ ಲೆನ್ಸ್‌ನದ್ದೇ ಆಗಿರುತ್ತದೆ. ಎಫ್/2.8ರಲ್ಲಿ ಎಡ ಮೂಲೆಗಳು ತುಸು ಹಿಂದಿದ್ದು ಎಫ್/8ರಲ್ಲಿ ಸರಿಸಮವಾದರೆ ಆ ಲೆನ್ಸನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಎಫ್/8ರಲ್ಲಿಯೂ ಎಡಬದಿ ಸ್ಪಷ್ಟವಾಗಿ ಮಸುಕಾಗಿದ್ದರೆ ಲೆನ್ಸ್ ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು. ಎಲ್ಲ ಕಡೆಯೂ ಚೂಪಾಗಿ ಬಂದರೆ, ಈವರೆಗೆ ಮಸುಕಾಗಿ ಬಂದ ಚಿತ್ರಗಳಲ್ಲಿ ದೋಷವಿದ್ದದ್ದು ಆಟೋಫೋಕಸ್‌ನಲ್ಲಿ. ಆ ಪಕ್ಷದಲ್ಲಿ ಕ್ಯಾಮೆರಾದ ಆಟೋಫೋಕಸ್ ಸೂಕ್ಷ್ಮ ಹೊಂದಾಣಿಕೆಯನ್ನು ಮಾಡಿಕೊಂಡರೆ ಸಾಕು, ಅಥವಾ 11 ಮಿ.ಮೀ.ನಲ್ಲಿ ಎಫ್/8 ಇರಿಸಿ ಸುಮಾರು 80 ಸೆಂ.ಮೀ. ದೂರಕ್ಕೆ ಕೈಯಿಂದ ಫೋಕಸ್ ಮಾಡಿ ಬಿಟ್ಟರೂ ನಡೆಯುತ್ತದೆ, 40 ಸೆಂ.ಮೀ.ನಿಂದ ದಿಗಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳನ್ನು ಕಾಲಬುಡದಿಂದ ಹಿಡಿದು ದೂರದ ಕಡಲವರೆಗೆ ತೆಗೆಯುವಾಗ ನಾನು ಮಾಡುವುದು ಇದನ್ನೇ.

ಒಳಗೆ ಕಂಡ ಎಳೆಗಳು ಫಂಗಸ್ ಆಗಿರುವ ಸಾಧ್ಯತೆ ಹೆಚ್ಚು. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಇದು ಯಾರ ನಿರ್ಲಕ್ಷ್ಯವೂ ಅಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು: ನಾಲ್ಕಾರು ತೆಳು ಎಳೆಗಳಿಂದ ಚಿತ್ರದ ಒಂದು ಬದಿ ಮಸುಕಾಗುವುದಿಲ್ಲ. ಫಂಗಸ್ ಹರಡಿದಾಗ ಇಡೀ ಚಿತ್ರದ ಕಾಂಟ್ರಾಸ್ಟ್ ಇಳಿಯುತ್ತದೆ, ಎದುರು ಬೆಳಕಿನಲ್ಲಿ ಹಾಲು ಚೆಲ್ಲಿದಂಥ ಮಬ್ಬು ಬರುತ್ತದೆ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಅದು ಬೆಳೆಯುತ್ತ ಗಾಜಿನ ಮೇಲಿನ ಲೇಪನವನ್ನು ಕೊರೆದರೆ ಯಾವ ಸ್ವಚ್ಛತೆಯೂ ಅದನ್ನು ಮರಳಿ ತರುವುದಿಲ್ಲ, ಮಾರಾಟದ ಬೆಲೆಯೂ ಬೀಳುತ್ತದೆ. ಎಳೆಗಳು ಹಿಂದಿನ ಅಥವಾ ಮುಂದಿನ ಗಾಜಿನ ಬಳಿಯೇ ಇದ್ದರೆ ಸ್ವಚ್ಛಗೊಳಿಸುವುದು ಸುಲಭ. ನಡುವಿನ ಗುಂಪಿನಲ್ಲಿದ್ದರೆ ಲೆನ್ಸನ್ನು ಪೂರ್ತಿ ಬಿಚ್ಚಬೇಕು, ಬಿಚ್ಚಿ ಕಟ್ಟಿದ ಅಲ್ಟ್ರಾ ವೈಡ್ ಲೆನ್ಸ್ ಮೊದಲಿನಂತೆ ಕೂರುತ್ತದೆ ಎಂಬ ಭರವಸೆಯಿಲ್ಲ. ನನ್ನ ಒಂದು ಲೆನ್ಸ್ ಫಂಗಸ್ ತೆಗೆಸಲೆಂದು ದುರಸ್ತಿಗೆ ಹೋಗಿ, ಕನ್ನಡಿಯಂತೆ ಸ್ವಚ್ಛವಾಗಿ, ಆದರೆ ಬಲಬದಿ ಮಸುಕಾಗಿ ಹಿಂದಿರುಗಿತ್ತು. ಆದ್ದರಿಂದ ದುರಸ್ತಿಗೆ ಕೊಡುವ ಮುಂಚೆ ಮೇಲೆ ಹೇಳಿದ ದೀಪಸ್ತಂಭದ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ, ಹಿಂದೆ ಪಡೆದ ಕೂಡಲೇ ಅದೇ ಚಿತ್ರಗಳನ್ನು ಮತ್ತೆ ತೆಗೆದು ಹೋಲಿಸಿ.

ಹೊಸ ಲೆನ್ಸ್ ಕೊಂಡರೂ ಕೊಳ್ಳದಿದ್ದರೂ ಒಂದು ಡ್ರೈ ಕ್ಯಾಬಿನೆಟ್ ಕೊಳ್ಳಿ, ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇರಿಸಿದರೆ ಫಂಗಸ್ ಬೆಳೆಯದು, ಗ್ರೀಸೂ ಒಣಗದು. ಅದು ದುಬಾರಿ ಎನಿಸಿದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ತೇವಾಂಶ ಮಾಪಕ ಸಾಕು. ಬಣ್ಣ ಬದಲಾದ ಜೆಲ್ಲನ್ನು ಬಿಸಿಮಾಡಿ ಮತ್ತೆ ಬಳಸಬಹುದು. ಅಕ್ಕಿಯ ಡಬ್ಬಿಯಲ್ಲಿ ಲೆನ್ಸ್ ಇಡುವ ರೂಢಿ ಬೇಡ, ಅಕ್ಕಿಯ ಧೂಳು ಬಳೆಗಳ ಸಂದಿಗೆ ಸೇರುತ್ತದೆ. ಚರ್ಮದ ಅಥವಾ ಬಟ್ಟೆಯ ಚೀಲದೊಳಗೇ ಮಳೆಗಾಲ ಕಳೆಯಲು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಡ್ರೈ ಕ್ಯಾಬಿನೆಟ್ ಇಲ್ಲದ ಮನೆಗೆ ಇನ್ನೊಂದು ಲೆನ್ಸ್ ಬಂದರೆ ಎರಡು ಮಳೆಗಾಲದಲ್ಲಿ ಅದೂ ಈ ಸ್ಥಿತಿಗೇ ಬರುವ ಸಾಧ್ಯತೆ ಇದೆ.

ಇಷ್ಟಾದ ಮೇಲೆ ಬದಲಾವಣೆಯ ಪ್ರಶ್ನೆ. ಫುಲ್ ಫ್ರೇಮ್‌ನ ಸಲಹೆಯನ್ನೇ ಮೊದಲು ನೋಡೋಣ, ಏಕೆಂದರೆ ಅದರಲ್ಲಿ ಹಣ ಹೆಚ್ಚು. ಫುಲ್ ಫ್ರೇಮ್ ಸೆನ್ಸರ್‌ನ ವಿಸ್ತೀರ್ಣ ನಿಮ್ಮದಕ್ಕಿಂತ ಸುಮಾರು ಎರಡೂಕಾಲು ಪಟ್ಟು ಹೆಚ್ಚು. ಆದರೆ 16-35ರ ಎಫ್/4 ಅಪರ್ಚರ್ ನಿಮ್ಮ ಎಫ್/2.8ರ ಅರ್ಧದಷ್ಟೇ ಬೆಳಕನ್ನು ಪ್ರತಿ ಚುಕ್ಕೆಗೂ ಬಿಡುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು ಬೆಳಕು ಹೆಚ್ಚುಕಡಿಮೆ ಸಮ. ನಿಮ್ಮದರಂಥ ಚಿಕ್ಕ ಸೆನ್ಸರ್‌ನ, ಅಂದರೆ ಕ್ರಾಪ್ ಸೆನ್ಸರ್‌ನ ಎಫ್/2.8ನ್ನು 1.5ರಿಂದ ಗುಣಿಸಿದರೆ 4.2 ಬರುತ್ತದೆ ಎಂಬುದೂ ಇದೇ ಲೆಕ್ಕದ ಇನ್ನೊಂದು ರೂಪ. ನೋಟದ ಅಗಲವೂ ಸಮ: ನಿಮ್ಮ 11 ಮಿ.ಮೀ. ಅಲ್ಲಿನ 16.5 ಮಿ.ಮೀ.ಗೆ ಸಮಾನ. ಅಂದರೆ ಒಂದೇ ಶಟರ್ ವೇಗದಲ್ಲಿ ನೇಮದ ರಾತ್ರಿ ನಿಮಗೆ ಸಿಗುವ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ಮತ್ತು ಫೋಕಸ್‌ನ ಆಳ ಈಗಿನದ್ದಕ್ಕಿಂತ ಗುರುತಿಸುವಷ್ಟು ಬೇರೆಯಾಗದು. ಹಗಲಿನಲ್ಲಿ, ದೊಡ್ಡ ಮುದ್ರಣಕ್ಕೆ, ನೆರಳು-ಬಿಸಿಲಿನ ಅಂತರ ಹೆಚ್ಚಿರುವ ಚಾವಡಿಯಲ್ಲಿ ಫುಲ್ ಫ್ರೇಮ್‌ನಿಂದ ಲಾಭವಿರುವುದು ನಿಜ. ರಾತ್ರಿಗೂ ಲಾಭ ಬೇಕೆಂದರೆ ಫುಲ್ ಫ್ರೇಮ್‌ನ ಎಫ್/2.8 ಲೆನ್ಸ್ ಬೇಕು. ನಿಕಾನ್ ಡಿಎಸ್‌ಎಲ್‌ಆರ್‌ನ 14-24 ಎಫ್/2.8 ಸುಮಾರು ಒಂದು ಕಿಲೋ ತೂಗುತ್ತದೆ, ಅದರ ಉಬ್ಬಿದ ಮುಂಗಾಜಿಗೆ ಸಾಮಾನ್ಯ ಫಿಲ್ಟರ್ ತಿರುಗಿಸಲು ಬರುವುದಿಲ್ಲ. ಉಪ್ಪುನೀರು ಸಿಡಿಯುವ ಬಂಡೆಯ ಮೇಲೆ ಅದನ್ನು ಹಿಡಿದು ನಿಲ್ಲುವುದು ಎದೆ ಹೊಡೆದುಕೊಳ್ಳುವ ಕೆಲಸ. ಹೀಗಾಗಿ ನಿಮ್ಮ ಎರಡನೆಯ ಗೆಳೆಯರ ಸಲಹೆಗೆ ನನ್ನ ಸಮ್ಮತಿ ಇಲ್ಲ.

ನಿಕಾನ್ 10-20 ಮಿ.ಮೀ. ಎಫ್/4.5-5.6 ಬೇರೆ ಮಾತು. 2017ರಲ್ಲಿ ಬಂದ ಈ ಲೆನ್ಸ್ 230 ಗ್ರಾಂ ಮಾತ್ರ ತೂಗುತ್ತದೆ, ನಿಮ್ಮದು ಸುಮಾರು 550 ಗ್ರಾಂ. ಎದುರು ಬೆಳಕನ್ನು ಚೆನ್ನಾಗಿ ತಾಳುತ್ತದೆ, ಕೈನಡುಕವನ್ನು ತಡೆಯುವ ವ್ಯವಸ್ಥೆಯೂ ಇದೆ. ಒಳಾಂಗಣಕ್ಕೆ ಆ ಒಂದು ಮಿಲಿಮೀಟರ್ ಹೆಚ್ಚಳ ಸಣ್ಣದಲ್ಲ: ಮೂರು ಮೀಟರ್ ದೂರದ ಗೋಡೆಯಲ್ಲಿ 11 ಮಿ.ಮೀ. ಸುಮಾರು 6.4 ಮೀಟರ್ ಅಗಲವನ್ನು ತೋರಿಸಿದರೆ 10 ಮಿ.ಮೀ. ಏಳು ಮೀಟರನ್ನು ತೋರಿಸುತ್ತದೆ. ಆದರೆ ಮೂವತ್ತು ಸೆಂ.ಮೀ. ಹಿಂದೆ ಸರಿಯಲು ಜಾಗವಿದ್ದರೆ ನಿಮ್ಮ ಲೆನ್ಸೇ ಅಷ್ಟನ್ನು ಕೊಡುತ್ತದೆ. ಬೆನ್ನು ಗೋಡೆಗೆ ಒರಗಿದ ಸ್ನಾನಗೃಹ, ಪುಟ್ಟ ಮಲಗುಕೋಣೆಗಳಲ್ಲಿ ಮಾತ್ರ ವ್ಯತ್ಯಾಸ ನಿಜವಾಗಿ ಕಾಣಿಸುತ್ತದೆ. ಇದರ ಅಪಾಯ ರಾತ್ರಿಯಲ್ಲಿದೆ. ದೊಂದಿಯ ಬೆಳಕಿನಲ್ಲಿ ನೀವು ಎಫ್/2.8, ಐಎಸ್‌ಒ (ಸೆನ್ಸರ್‌ನ ಸಂವೇದನೆ, ಏರಿದಷ್ಟೂ ನಾಯ್ಸ್ ಹೆಚ್ಚು) 1600 ಇರಿಸಿ ತೆಗೆಯುತ್ತಿದ್ದ ಚಿತ್ರಕ್ಕೆ ಇಲ್ಲಿ 10 ಮಿ.ಮೀ.ನಲ್ಲಿ ಐಎಸ್‌ಒ 4000, ಉದ್ದದ ತುದಿಯಲ್ಲಿ 6400 ಬೇಕಾಗುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈಯನ್ನು ನಿಲ್ಲಿಸೀತು, ಸುತ್ತುತ್ತಿರುವ ದೈವದ ಅಣಿಯನ್ನು (ಬೆನ್ನಿಗೆ ಕಟ್ಟುವ ಅಲಂಕಾರ) ನಿಲ್ಲಿಸದು. ಡಿ7200ರಲ್ಲಿ ಈ ಎಎಫ್-ಪಿ (ಹೊಸ ಬಗೆಯ ಫೋಕಸ್ ಮೋಟಾರಿನ) ಲೆನ್ಸ್ ಕೆಲಸ ಮಾಡುತ್ತದಾದರೂ ಎರಡು ಮಿತಿಗಳಿವೆ: ಕಂಪನ ತಡೆಯನ್ನು ಆಫ್ ಮಾಡಲು ಕ್ಯಾಮೆರಾದಲ್ಲಿ ಮೆನು ಇಲ್ಲ, ಲೆನ್ಸ್ ಮೇಲೆ ಸ್ವಿಚ್ಚೂ ಇಲ್ಲ, ಕ್ಯಾಮೆರಾದ ಬೆಳಕಿನ ಮೀಟರ್ ನಿದ್ರೆಗೆ ಹೋಗಿ ಎದ್ದಾಗ ಕೈಯಿಂದ ಇರಿಸಿದ ಫೋಕಸ್ ಜಾಗ ಬದಲಾಗಬಹುದು. ಟ್ರೈಪಾಡ್ ಮೇಲೆ ನಕ್ಷತ್ರ ಅಥವಾ ಸಂಜೆಯ ಕಡಲನ್ನು ತೆಗೆಯುವಾಗ ಇದು ಕಿರಿಕಿರಿಯೇ.

ನಡುವೆ ನಿಕಾನ್‌ನದ್ದೇ 10-24 ಮಿ.ಮೀ. ಎಫ್/3.5-4.5 ಇದೆ. ಅಗಲವೂ ಬೇಕು, ಬೆಳಕನ್ನೂ ಪೂರ್ತಿ ಬಿಡಲಾರೆ ಎನ್ನುವವರಿಗೆ ಅದು ಒಪ್ಪಬಹುದು. ಒಳ್ಳೆಯ ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೆ ಅದೇ ಐದು ಚಿತ್ರಗಳ ಪರೀಕ್ಷೆ ಮಾಡಿ ಕೊಳ್ಳಿ.

ಆದರೆ ನೀವು ಕೇಳದ ಒಂದು ಮಾತನ್ನು ಸೇರಿಸುತ್ತೇನೆ. ಕಳೆದ ಒಂದು ವರ್ಷದ ನಿಮ್ಮ ರಾತ್ರಿಯ ಚಿತ್ರಗಳನ್ನೆಲ್ಲ ತೆರೆದು ಅವುಗಳ ಫೋಕಲ್ ಲೆಂತ್ ನೋಡಿ. ಹೆಚ್ಚಿನವು 16 ಮಿ.ಮೀ.ನಲ್ಲಿಯೇ ಇದ್ದು, ಆಮೇಲೆ ಕತ್ತರಿಸಿಯೂ ಇದ್ದರೆ ಅಲ್ಲಿ ನಿಮಗೆ ಬೇಕಾಗಿರುವುದು ಅಗಲದ ಲೆನ್ಸ್ ಅಲ್ಲವೇ ಅಲ್ಲ. ಅಲ್ಟ್ರಾ ವೈಡ್ ಲೆನ್ಸ್‌ನಿಂದ ನೇಮದ ಚಿತ್ರ ತುಂಬಿ ಬರಬೇಕಾದರೆ ಒಂದು ಒಂದೂವರೆ ಮೀಟರ್ ಹತ್ತಿರಕ್ಕೆ ಹೋಗಬೇಕು. ದೈವದ ಎದುರು ಅಷ್ಟು ಹತ್ತಿರ ನುಗ್ಗುವುದು ಸರಿಯಲ್ಲ. ಮನೆಯ ಹಿರಿಯರು ಅನುಮತಿ ಕೊಟ್ಟ ಜಾಗದಲ್ಲಿ ನಿಂತು ತೆಗೆಯುವುದೇ ನಮ್ಮ ಮರ್ಯಾದೆ. ಅಲ್ಲಿ ನಿಂತು ತೆಗೆಯಲು ನಿಕಾನ್‌ನ 35 ಮಿ.ಮೀ. ಎಫ್/1.8 ಡಿಎಕ್ಸ್ (ಕ್ರಾಪ್ ಸೆನ್ಸರ್‌ನ) ಲೆನ್ಸ್ ಸಾಕು. ತೂಕ 200 ಗ್ರಾಂ, ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ, ನಿಮ್ಮ ಎಫ್/2.8ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಬಿಡುತ್ತದೆ, ಮುಖವನ್ನು ಎಳೆಯುವುದೂ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಬರುವ ಪರ್ಯಾಯದ ಮೆರವಣಿಗೆಯಲ್ಲಿ ಜನರ ನಡುವೆ ಸಿಕ್ಕಿಕೊಂಡು ಕೈ ಮೇಲೆತ್ತಿ ತೆಗೆಯುವಾಗ, ಅಥವಾ ಮಕರಸಂಕ್ರಾಂತಿಯ ಮೂರು ತೇರುಗಳನ್ನು ಇಕ್ಕಟ್ಟಾದ ರಥಬೀದಿಯಲ್ಲಿ ಒಂದೇ ಚೌಕಟ್ಟಿಗೆ ತರುವಾಗ ಮಾತ್ರ 11 ಮಿ.ಮೀ.ಗೆ ಬದಲಿಯಿಲ್ಲ, ಎಫ್/2.8ಕ್ಕೂ ಬದಲಿಯಿಲ್ಲ.

ಮುಂದೆಂದಾದರೂ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುವ ಯೋಚನೆಯಿದ್ದರೆ ಇನ್ನೊಂದು ಸಂಗತಿ ತಿಳಿದಿರಬೇಕು. ನಿಮ್ಮ ಟೋಕಿನಾದ ಮೊದಲ ಆವೃತ್ತಿಗೆ ಸ್ವಂತ ಮೋಟಾರ್ ಇಲ್ಲ, ಅದು ಡಿ7200ರ ಒಡಲಿನ ಮೋಟಾರಿನಿಂದ ಫೋಕಸ್ ಮಾಡುತ್ತದೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲದ ಕಾರಣ ಅಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಇಷ್ಟು ಅಗಲದ ಲೆನ್ಸ್‌ನಲ್ಲಿ ಅದು ಕಷ್ಟವಲ್ಲ, ಆದರೂ ಮಾರುವ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದು ಇದರಿಂದಲೇ. ಎರಡು ವರ್ಷದೊಳಗೆ ಹೋಗುವುದು ಖಚಿತವಿದ್ದರೆ ಈಗ ಇನ್ನೊಂದು ಡಿಎಸ್‌ಎಲ್‌ಆರ್ ಲೆನ್ಸ್‌ಗೆ ಹಣ ಹಾಕಬೇಡಿ. ನಿಕಾನ್ ಝಡ್ ಕ್ರಾಪ್ ಕ್ಯಾಮೆರಾಗಳಿಗೆ 2023ರಲ್ಲಿ ಬಂದ 12-28 ಮಿ.ಮೀ. ಲೆನ್ಸ್ ಇದೆ. ಅದರ ಆರಂಭ 12 ಮಿ.ಮೀ. ಎಂಬುದನ್ನು ನೆನಪಿಡಿ, ಇಕ್ಕಟ್ಟಿನ ಕೋಣೆಗಳಲ್ಲಿ ನಿಮಗೆ ಈಗಿರುವುದಕ್ಕಿಂತ ಕಡಿಮೆ ಅಗಲ ಸಿಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಫಿಲ್ಟರ್ ತೆಗೆದು ಒಂದು ರಾತ್ರಿ, ಟ್ರೈಪಾಡ್ ಹಿಡಿದು ಒಂದು ಬೆಳಗು ಕಳೆಯುತ್ತಿದ್ದೆ. ಎಫ್/8ರಲ್ಲಿ ಲೆನ್ಸ್ ಸರಿಯಿದ್ದರೆ ಅದನ್ನೇ ಇಟ್ಟುಕೊಂಡು, ಕೈಯಲ್ಲಿರುವ ಹಣದಿಂದ ಡ್ರೈ ಕ್ಯಾಬಿನೆಟ್ ಮತ್ತು 35 ಮಿ.ಮೀ. ಎಫ್/1.8 ಕೊಳ್ಳುತ್ತಿದ್ದೆ. ಲೆನ್ಸ್ ನಿಜಕ್ಕೂ ಕೆಟ್ಟಿದ್ದು, ಹೋಮ್‌ಸ್ಟೇ ಕೆಲಸದಿಂದ ನಿಮಗೆ ಸಂಪಾದನೆಯೂ ಇದ್ದರೆ, ದುರಸ್ತಿಗೆ ಸುರಿಯದೆ 10-20 ಮತ್ತು 35ರ ಜೋಡಿಗೆ ಹೋಗುತ್ತಿದ್ದೆ. ಎರಡೂ ಸೇರಿ ನಿಮ್ಮ ಈಗಿನ ಒಂದು ಲೆನ್ಸ್‌ಗಿಂತ ಹಗುರ. ಮಾರುವುದಾದರೆ ಫಂಗಸ್ ಮತ್ತು ಎಡಬದಿಯ ವಿಚಾರವನ್ನು ಕೊಳ್ಳುವವರಿಗೆ ಮುಚ್ಚಿಡದೆ ಹೇಳಿ. ಪರೀಕ್ಷೆಯ ಚಿತ್ರಗಳನ್ನು ನೋಡಿಯೂ ತೀರ್ಮಾನಕ್ಕೆ ಬರಲಾಗದಿದ್ದರೆ ಎಫ್/2.8 ಮತ್ತು ಎಫ್/8ರ ಹತ್ತು ರಾ ಕಡತಗಳನ್ನು, ಯಾವ ತಿದ್ದುಪಡಿಯನ್ನೂ ಮಾಡದೆ, ನನಗೆ ಕಳುಹಿಸಿ. ಮೂಲೆಗಳನ್ನು ಒಂದೊಂದಾಗಿ ನೋಡಿ ತಿಳಿಸುತ್ತೇನೆ.